ಬಿಸಿಯಾದರೆ ಹೊರಡದ ಗಾಡಿ

ನಮ್ಮ ಕಡೆ ಜನಕ್ಕೆ ಕೈಗುಣ ಅನ್ನುವ ಒಂದು ಮಾತು ಸಿಕ್ಕಿಬಿಟ್ಟರೆ ಸಾಕು, ಆಮೇಲೆ ತಲೆಗೆ ಕೆಲಸ ಕೊಡುವುದಿಲ್ಲ. ಯಾರೋ ನೆಟ್ಟ ಕರಿಬೇವಿನ ಗಿಡ ಚಿಗುರಿತೋ, ಅವಳ ಕೈಗುಣ. ಡಾಕ್ಟರು ಕೊಟ್ಟ ಮಾತ್ರೆಗೆ ಜ್ವರ ಬಿಟ್ಟಿತೋ, ಅವರ ಕೈಗುಣ. ಪಾಪ, ಮಾತ್ರೆಗೆ ಏನೂ ಗುಣವಿಲ್ಲ. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ಭರಣಿ ಒದ್ದೆಯಿತ್ತು ಅಂತ ಒಬ್ಬರೂ ಬಾಯಿ ಬಿಡುವುದಿಲ್ಲ, ಕಲಸಿದವಳ ಕೈ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಯಾರಿಗೇನು ನಷ್ಟ ಅಂತ ನಾನೂ ಬಹಳ ವರ್ಷ ಸುಮ್ಮನೇ ಇದ್ದವಳು. ಆದರೆ ಒಂದು ಡೀಸೆಲ್ ಇಂಜಿನ್ನಿಗೂ ಕೈಗುಣ ಅಂಟಿಸಿ ನನ್ನ ಅಪ್ಪನ ಅನ್ನಕ್ಕೆ ಕಲ್ಲು ಹಾಕಲು ಹೊರಟರಲ್ಲ, ಅವತ್ತಿನಿಂದ ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಅಪ್ಪ ತುಮಕೂರಿನ ಒಂದು ಬೇಕರಿಯಲ್ಲಿ ಡ್ರೈವರ್. ಬೆಳಗ್ಗೆ ಬ್ರೆಡ್ಡು, ಬನ್ನು, ರಸ್ಕು, ಖಾರ ಬಿಸ್ಕತ್ತಿನ ಟ್ರೇಗಳನ್ನು ಪಿಕಪ್ಪಿಗೆ ತುಂಬಿಕೊಂಡು ಮೊದಲು ಗುಬ್ಬಿ, ಅಲ್ಲಿಂದ ಸಿ.ಎಸ್. ಪುರ, ಆಮೇಲೆ ಕುಣಿಗಲ್. ಅಂಗಡಿ ಅಂಗಡಿಗೂ ಮಾಲು ಇಳಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ತುಮಕೂರಿಗೆ ವಾಪಸ್ಸಾಗಬೇಕು. ನನಗೆ ಗುಬ್ಬಿಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಬಸ್ಸಿನ ನೂಕುನುಗ್ಗಲು ಯಾಕೆ ಅಂತ ಅಪ್ಪನ ಪಕ್ಕದ ಸೀಟಿನಲ್ಲೇ ಕೂತು ಹೋಗುತ್ತಿದ್ದೆ. ನನ್ನ ಸೀರೆಗೆಲ್ಲ ಬನ್ನಿನ ವಾಸನೆ ಹತ್ತಿರುತ್ತಿತ್ತು, ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಪಾಠ ಕೇಳುವುದು ಬಿಟ್ಟು ಹಸಿವು ಅನ್ನುತ್ತಿದ್ದವು.

ಆ ಪಿಕಪ್ಪು ಹರಾಜಿನಲ್ಲಿ ಕೊಂಡ ಹಳೇ ಡೀಸೆಲ್ ಗಾಡಿ. ಬಾಗಿಲು ಹಾಕಿದರೆ ಗಾಜು ಇಳಿಯುತ್ತಿತ್ತು, ಗಾಜು ಏರಿಸಿದರೆ ಹಿಡಿ ಕೈಗೆ ಬರುತ್ತಿತ್ತು. ಆದರೂ ಅಪ್ಪನಿಗೆ ಅದರ ಮೇಲೆ ಜೀವ. ಸ್ಟಿಯರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ರಜೆಯ ದಿನ ಮನೆಯಲ್ಲಿ ಕೂತರೆ ಸುಮ್ಮನೆ ಕಾಲಲ್ಲಿ ಕ್ಲಚ್ಚು ಒತ್ತುತ್ತಿದ್ದ ಅಂತ ಅಮ್ಮ ಈಗಲೂ ಆಡಿಕೊಂಡು ನಗುತ್ತಾಳೆ.

ಒಂದು ಬೇಸಿಗೆಯಲ್ಲಿ ಗಾಡಿಗೆ ರೋಗ ಶುರುವಾಯಿತು. ಬೆಳಗ್ಗೆ ಬೇಕರಿ ಅಂಗಳದಲ್ಲಿ ಒಂದು ಸಲ ಕೀ ತಿರುಗಿಸಿದರೆ ಸಾಕು, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಗುಬ್ಬಿಯವರೆಗೆ ಚೆನ್ನಾಗಿ ಓಡುತ್ತಿತ್ತು. ಗುಬ್ಬಿಯಲ್ಲಿ ಇಂಜಿನ್ ಆಫ್ ಮಾಡಿ, ಟ್ರೇ ಇಳಿಸಿ, ಅಪ್ಪ ಓಡಿ ಬಂದು ಕೀ ತಿರುಗಿಸಿದರೆ ಗರಗರ ಅಂತ ತಿರುಗುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಇನ್ನೊಮ್ಮೆ ಹೊಡೆದರೂ ಅಷ್ಟೆ, ಮತ್ತೊಮ್ಮೆ ಹೊಡೆದರೂ ಅಷ್ಟೆ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತ ಜನರನ್ನು ಕರೆದು ತಳ್ಳಿಸಬೇಕು. ತಳ್ಳಿದರೆ ಒಂದು ಗುಟುರು ಹಾಕಿ ಎದ್ದುಬಿಡುತ್ತಿತ್ತು. ಸಿ.ಎಸ್. ಪುರದಲ್ಲಿ ಮತ್ತೆ ಅದೇ, ಕುಣಿಗಲ್ಲಿನಲ್ಲಿ ಮತ್ತೆ ಅದೇ. ಬ್ರೆಡ್ಡು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಅಂತ ಕುಣಿಗಲ್ ಅಂಗಡಿಯವರು ಬೇರೆ ಬೇಕರಿಯ ಕಡೆ ತಿರುಗಲು ನೋಡುತ್ತಿದ್ದರು.

ಅಪ್ಪ ಹೋಗಿ ಬೇಕರಿ ಯಜಮಾನರಿಗೆ ಹೇಳಿದ. ಈ ಯಜಮಾನರ ಬಗ್ಗೆ ಎರಡು ಮಾತು ಹೇಳಲೇಬೇಕು. ಹಣೆ ತುಂಬ ವಿಭೂತಿ, ಕೈ ತುಂಬ ಉಂಗುರ, ತಲೆ ಮಾತ್ರ ಖಾಲಿ. ಒಂದು ಸಲ ಹಿರೇಹಳ್ಳಿಯ ಯಾವುದೋ ಕಾರ್ಖಾನೆಗೆ ಹಿಟ್ಟು ಕಲಸುವ ಮೆಷಿನ್ನು ನೋಡಲು ಹೋಗಿದ್ದರಂತೆ. ಮೆಷಿನ್ನು ಕೊಳ್ಳಲಿಲ್ಲ, ಆದರೆ ಅವತ್ತಿನಿಂದ ಜಗತ್ತಿನ ಎಲ್ಲ ಯಂತ್ರಗಳ ಬಗ್ಗೆಯೂ ತೀರ್ಪು ಕೊಡುವ ಅಧಿಕಾರ ಅವರಿಗೆ ಬಂದುಬಿಟ್ಟಿತ್ತು. ಬ್ಯಾಟರಿ ಅಂದರು, ಬ್ಯಾಟರಿ ಬದಲಾಯಿತು. ಸೆಲ್ಫ್ ಮೋಟಾರು ಅಂದರು, ಅದೂ ಬದಲಾಯಿತು. ಫಿಲ್ಟರು ಬದಲಾಯಿತು. ಮುಂದಿನ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯೂ ಬದಲಾಯಿತು. ಗಾಡಿ ಗುಬ್ಬಿಯಲ್ಲಿ ಹಿಂದಿನಂತೆಯೇ ನಿಂತಿತು.

ಸರಿ, ಗ್ಯಾರೇಜಿಗೆ ತೋರಿಸೋಣ ಅಂತಾಯಿತು. ಇಲ್ಲಿ ನೋಡಿ ಇವರ ಬುದ್ಧಿವಂತಿಕೆ. ಯಜಮಾನರ ಮನೆಯಲ್ಲಿ ಒಂದು ಪದ್ಧತಿ, ಕೆಟ್ಟ ಗಾಡಿಯನ್ನು ಓಡಿಸಿಕೊಂಡು ಹೋಗಬಾರದು. ಕಾಯಿಲೆ ಬಿದ್ದವನನ್ನು ನಡೆಸಿಕೊಂಡು ಹೋಗುತ್ತೇವಾ, ಹೊತ್ತುಕೊಂಡು ತಾನೇ ಹೋಗುವುದು, ಇದು ಅವರ ವಾದ. ಅದೂ ರಾಹುಕಾಲ ನೋಡಿ, ಬೆಳಗ್ಗೆ ಸ್ನಾನ ಪೂಜೆ ಮುಗಿಸಿ, ಗಾಡಿಗೆ ಕುಂಕುಮ ಹಚ್ಚಿ, ಬೇಕರಿಯ ಒಲೆ ಕೆಲಸದವರನ್ನೆಲ್ಲ ಕರೆದು ಕೈಯಲ್ಲೇ ತಳ್ಳಿಕೊಂಡು ಗ್ಯಾರೇಜಿಗೆ ಹೋಗುವುದು. ರಾತ್ರಿಯೆಲ್ಲ ನಿಂತು ಕಲ್ಲಿನ ಹಾಗೆ ತಣ್ಣಗಾಗಿರುವ ಇಂಜಿನ್ನು. ಬಿಸಿಯಾದರೆ ಮಾತ್ರ ಬರುವ ರೋಗವನ್ನು ತಣ್ಣಗೆ ಮಾಡಿ ತೋರಿಸಲು ಹೋದರು.

ಗ್ಯಾರೇಜಿನ ಮೇಸ್ತ್ರಿ ಬೀಡಿ ಸೇದುತ್ತ ಬಾನೆಟ್ಟು ಎತ್ತಿದ. ಯಾರಾದರೂ ಸ್ಟಾರ್ಟ್ ಮಾಡಿ ಅಂದ. ಅಪ್ಪ ಮುಂದೆ ಹೋಗುವಷ್ಟರಲ್ಲಿ ಯಜಮಾನರ ಭಾಮೈದ ಸೀಟಿನಲ್ಲಿ ಕೂತಾಗಿತ್ತು. ಈ ಭಾಮೈದ ಅಕ್ಕನ ಮನೆಯಲ್ಲಿ ತಿಂದು ಮಲಗುವುದನ್ನು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ. ಅವನು ಕೀ ತಿರುಗಿಸಿದ, ಒಂದೇ ಸೆಲ್ಫಿಗೆ ಸ್ಟಾರ್ಟ್. ಆಫ್ ಮಾಡಿ ಮತ್ತೆ ತಿರುಗಿಸಿದ, ಮತ್ತೆ ಸ್ಟಾರ್ಟ್.

“ಏನ್ಲಾ, ಸ್ಟಾರ್ಟ್ ಆಗಲ್ಲ ಅಂತಿದ್ದಲ್ಲ,” ಅಂದರು ಯಜಮಾನರು ಅಪ್ಪನ ಕಡೆ ತಿರುಗಿ.

“ಬಿಸಿ ಆದ್ಮೇಲೆ ಆಗಲ್ಲ ಬುದ್ಧಿ.”

“ನಿನ್ ಕೈಗೆ ಆಗಲ್ಲ ಅನ್ನು. ಇವ್ನ್ ಕೈಗೆ ಎಂಗಾಯ್ತು?”

ಮೇಸ್ತ್ರಿ ಹೊಗೆ ಬಿಟ್ಟು ನಕ್ಕ, ಒಲೆ ಕೆಲಸದವರೂ ನಕ್ಕರು. ಅಪ್ಪ ಮಾತ್ರ ತನ್ನ ಬಲಗೈಯನ್ನು ಯಾಕೋ ಷರ್ಟಿಗೆ ಒರೆಸಿಕೊಂಡ. ಅವತ್ತು ಶಾಲೆಗೆ ಹೊತ್ತಾಯಿತಲ್ಲ ಅಂತ ಕಾಯುತ್ತ ನಿಂತಿದ್ದ ನಾನು ಇದನ್ನೆಲ್ಲ ಕಣ್ಣಾರೆ ನೋಡಿದೆ. ಇದು ಬರೀ ತಮಾಷೆ, ಸಂಜೆಗೆ ಮರೆತುಬಿಡುತ್ತಾರೆ ಅಂದುಕೊಂಡೆ.

ಮರೆಯಲಿಲ್ಲ. ಮಾರನೆಯ ದಿನದಿಂದ ಹೊಸ ಏರ್ಪಾಡು ಬಂತು. ಗಾಡಿ ಓಡಿಸುವುದು ಅಪ್ಪ, ಕೀ ತಿರುಗಿಸುವುದು ಭಾಮೈದ. ಕೀ ಅವನ ಜೇಬಿನಲ್ಲೇ ಇರಬೇಕು, ಅಪ್ಪ ಮುಟ್ಟುವಂತಿಲ್ಲ. ನನ್ನನ್ನು ಸೇರಿಸಿ ಮೂವರು ಮುಂದಿನ ಸೀಟಿನಲ್ಲಿ ಒತ್ತರಿಸಿಕೊಂಡು ಹೊರಟೆವು. ಅವನ ತಲೆಗೆ ಹಚ್ಚಿದ ಎಣ್ಣೆಯ ವಾಸನೆಯ ಮುಂದೆ ಬನ್ನಿನ ವಾಸನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಡೆದದ್ದು ಏನು ಅಂದರೆ, ಗಾಡಿ ಅವನ ಕೈಗೆ ಸ್ಟಾರ್ಟ್ ಆಗುತ್ತಿತ್ತು. ಗುಬ್ಬಿಯಲ್ಲಿ ಆಯಿತು. ಸಿ.ಎಸ್. ಪುರದಲ್ಲೂ ಆಯಿತು, ಕುಣಿಗಲ್ಲಿನಲ್ಲೂ ಆಯಿತು ಅಂತ ಅಪ್ಪ ಸಂಜೆ ಮನೆಗೆ ಬಂದು ಹೇಳಿದ. ತಳ್ಳುವ ಪ್ರಮೇಯವೇ ಬರಲಿಲ್ಲವಂತೆ. ಹೇಳುವಾಗ ಅಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ನನ್ ಕೈಲೇ ಏನೋ ಐತೆ ಕಣವ್ವ,” ಅಂದ.

“ಏನಿರುತ್ತಪ್ಪ ಕೈಯಲ್ಲಿ? ಐದು ಬೆರಳು ಅವೆ.”

“ನಿಂಗೊತ್ತಾಗಲ್ಲ ಬುಡು. ಇಷ್ಟ್ ವರ್ಸ ನಾನು ಓಡ್ಸಿದ್ ಗಾಡಿ. ನಂಗೇ ಎದುರ್ ಬಿದ್ದೈತೆ ಅಂದ್ರೆ ಸುಮ್ನೆನಾ?”

ಅಮ್ಮನಾದರೂ ಸುಮ್ಮನೆ ಇರಬಹುದಿತ್ತು. ಇರಲಿಲ್ಲ. ಅಪ್ಪನ ಕೈಯಲ್ಲಿ ಹಿತ್ತಲಲ್ಲಿ ನೆಡಿಸಬೇಕು ಅಂತ ತಂದಿಟ್ಟಿದ್ದ ಕನಕಾಂಬರದ ಸಸಿಯನ್ನು ಪಕ್ಕದ ಮನೆಯವಳ ಕೈಯಲ್ಲಿ ನೆಡಿಸಿದಳು. ಯಾಕಮ್ಮ ಅಂತ ಕೇಳಿದರೆ, “ಇರ್ಲಿ ಬುಡೇ, ಈಗ ಟೈಮ್ ಸರಿಯಿಲ್ಲ,” ಅಂದಳು. ಕಟ್ಟಿಕೊಂಡ ಹೆಂಡತಿಯೇ ಹೀಗೆ ಅಂದ ಮೇಲೆ ಬೇಕರಿಯವರನ್ನು ಬೈದು ಏನು ಪ್ರಯೋಜನ. ನಾನು ಅವತ್ತು ಅಮ್ಮನ ಜೊತೆ ಮಾತು ಬಿಟ್ಟೆ, ಅವಳು ಅದನ್ನು ಗಮನಿಸಲೂ ಇಲ್ಲ.

ಹೀಗೆಯೇ ಹೋದರೆ ಏನಾಗುತ್ತದೆ ಅಂತ ಊಹಿಸಲು ಬಹಳ ಬುದ್ಧಿ ಬೇಕಿರಲಿಲ್ಲ. ಭಾಮೈದ ಆಗಲೇ ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದು ಕಲಿಯಲು ಶುರು ಮಾಡಿದ್ದ. ಕೀ ತಿರುಗಿಸಲು ಬಾರದ ಡ್ರೈವರನ್ನು ಎಷ್ಟು ದಿನ ಇಟ್ಟುಕೊಂಡಾರು? ಆದರೆ ನನಗೆ ಕೆಲಸ ಹೋಗುವುದಕ್ಕಿಂತ ಹೆಚ್ಚಿನ ಭಯ ಬೇರೆಯದೇ ಇತ್ತು. ಅಪ್ಪ ಗೇರು ಹಾಕುವ ಮುಂಚೆ ಕೈಯನ್ನು ಒರೆಸಿಕೊಳ್ಳಲು ಶುರು ಮಾಡಿದ್ದ. ಬಾಗಿಲು ತೆಗೆಯುವಾಗ ಬೆರಳ ತುದಿಯಲ್ಲಿ ತೆಗೆಯುತ್ತಿದ್ದ. ತನ್ನ ಕೈಯನ್ನೇ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದ.

ನಾನು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದವಳು. ದೊಡ್ಡ ವಿಜ್ಞಾನವೇನಲ್ಲ, ನೀರು ಕಾಯಿಸಿದರೆ ಆವಿ, ತಣಿಸಿದರೆ ನೀರು, ಅಷ್ಟೆ. ಆದರೆ ಎರಡು ಸಂಗತಿ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ, ಇಷ್ಟು ನನಗೆ ಗೊತ್ತಿತ್ತು. ಕೈ ಬದಲಾಗಿದೆ, ಸರಿ. ಬೇರೆ ಏನು ಬದಲಾಗಿದೆ? ಒಂದು ದಿನ ಗುಬ್ಬಿಯಲ್ಲಿ ಇಳಿದ ಮೇಲೆ ಶಾಲೆಗೆ ಹೋಗದೆ ಎದುರಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದೆ.

ಅಪ್ಪ ಗಡಿಬಿಡಿಯಲ್ಲಿ ಟ್ರೇ ಇಳಿಸಿ ಮುಗಿಸಿದ. ಮೊದಲಾದರೆ ಆ ಕ್ಷಣಕ್ಕೇ ಓಡಿ ಬಂದು ಕೀ ತಿರುಗಿಸುತ್ತಿದ್ದ. ಈಗ ಕೀ ಇರುವವನು ಎಲ್ಲಿ? ಹೋಟೆಲ್ಲಿನಲ್ಲಿ. ಎರಡು ಇಡ್ಲಿ, ಒಂದು ವಡೆ, ಆಮೇಲೆ ಮಸಾಲೆ ದೋಸೆ, ಆಮೇಲೆ ಕಾಫಿ, ಆಮೇಲೆ ಪಕ್ಕದ ಟೇಬಲ್ಲಿನವರ ಜೊತೆ ಊರ ಮಾತು. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಮದುವೆ ಗಂಡಿನ ನಡಿಗೆಯಲ್ಲಿ ಬಂದು ಸೀಟಿಗೆ ಏರುವಷ್ಟರಲ್ಲಿ ಬಾನೆಟ್ಟು ಮುಟ್ಟಿದರೆ ಕೈ ಸುಡದಷ್ಟು ತಣ್ಣಗಾಗಿತ್ತು. ಕೀ ತಿರುಗಿಸಿದ, ಸ್ಟಾರ್ಟ್ ಆಯಿತು. ಅವನ ಕೈಗುಣ ಇದ್ದದ್ದು ಅವನ ಹೊಟ್ಟೆಯಲ್ಲಿ. ಸೋಮಾರಿ ತಿಂದು ಮುಗಿಸುವವರೆಗೆ ಗಾಡಿ ತಣಿಯುತ್ತಿತ್ತು, ಮೈಮುರಿದು ದುಡಿಯುವ ನನ್ನ ಅಪ್ಪ ತಡ ಮಾಡದೆ ಬಂದು ಕೆಟ್ಟ ಕೈಯವನಾಗಿದ್ದ. ನಾನು ಆ ಕಟ್ಟೆಯ ಮೇಲೆ ನಿಂತು ಒಬ್ಬಳೇ ನಕ್ಕೆ, ಆಮೇಲೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ತುಮಕೂರಿಗೆ ಬಂದವಳು ನೆಟ್ಟಗೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ. ನನ್ನ ಚಪ್ಪಲಿ ನೋಡಿ, “ಟೀಚರಮ್ಮ ಗಾಡಿ ರಿಪೇರಿಗೆ ಬಂದವ್ರೆ,” ಅಂತ ತನ್ನ ಜೊತೆಯವನಿಗೆ ಹೇಳಿ ಇಬ್ಬರೂ ನಕ್ಕರು. ನಕ್ಕು ಮುಗಿಯಲಿ ಅಂತ ನಿಂತೆ. ಆಮೇಲೆ ಕೇಳಿದೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿಯಾದಾಗ ಆಗದಿದ್ದರೆ, ತಳ್ಳಿದರೆ ಮಾತ್ರ ಆದರೆ, ಅದು ಏನು ರೋಗ?

“ಸೆಲ್ಫ್ ಹೊಡಿವಾಗ ಸೈಲೆನ್ಸರ್‌ನಾಗೆ ಹೊಗೆ ಬತ್ತದಾ?” ಅಂದ, ಕೆಳಗಿನಿಂದಲೇ.

ನೆನಪು ಮಾಡಿಕೊಂಡೆ. ಗುಬ್ಬಿಯಲ್ಲಿ ಅಪ್ಪ ಗರಗರ ಅನಿಸುತ್ತಿದ್ದಾಗ ಹಿಂದೆ ನಿಂತ ಜನರ ಮೇಲೆ ಹೊಗೆ ಬಂದದ್ದೇ ಇಲ್ಲ. ತಳ್ಳಿ ಸ್ಟಾರ್ಟ್ ಆದಾಗ ಮಾತ್ರ ಕಪ್ಪಗೆ ಎದ್ದು ಅವರ ಮುಖಕ್ಕೆ ಬಡಿಯುತ್ತಿತ್ತು. “ಒಂದೆಳೆ ಹೊಗೆಯೂ ಬರಲ್ಲ,” ಅಂದೆ.

“ಇನ್ನೇನು, ಡೀಸೆಲ್ ಪಂಪು. ಹೊಗೆ ಇಲ್ಲ ಅಂದ್ರೆ ಡೀಸೆಲ್ ಒಳಕ್ಕೇ ಓಗ್ತಿಲ್ಲ ಅಂತ. ಪಂಪು ಒಳಗೆ ಸವ್ದೋಗೈತೆ. ತಣ್ಗಿದ್ದಾಗ ಡೀಸೆಲ್ಲು ಮಂದ, ತಡ್ಕತದೆ. ಕಾದ್ ಮೇಲೆ ನೀರಾಯ್ತದೆ, ಸವ್ದಿರೋ ಸಂದಿನಾಗೆ ಹಿಂದಕ್ಕೆ ಜಾರ್ಕತದೆ. ತಳ್ಳುದ್ರೆ ಇಂಜಿನ್ ಜೋರಾಗಿ ತಿರುಗ್ತದಲ್ಲ, ಜಾರಾಕ್ ಟೈಮಿಲ್ಲ, ಹೊತ್ಕತದೆ. ಅನುಮಾನ ಇದ್ರೆ ಆಫ್ ಮಾಡಿ ಪಂಪ್ ಮೇಲೆ ಒದ್ದೆ ಗೋಣಿ ಹಾಕಿ ತಣ್ಣೀರ್ ಬುಡಿ. ಸ್ಟಾರ್ಟ್ ಆದ್ರೆ ಪಂಪೇ ಸೈ.”

“ಮತ್ತೆ ಅವತ್ತು ಯಜಮಾನರು ಗಾಡಿ ತಂದಾಗ ಇದನ್ನ ಯಾಕೆ ಹೇಳಲಿಲ್ಲ?”

“ತಣ್ಗಿರೋ ಗಾಡಿ ತಳ್ಕಂಡ್ ಬಂದು ಕೈಗುಣ ಕೈಗುಣ ಅಂತಿದ್ರು. ನನ್ನೇನು ಕೇಳುದ್ರಾ? ದೊಡ್ಡೋರ್ ಮಾತಿಗೆ ನಾವ್ಯಾಕೆ ಅಡ್ಡ ಬರಾದು.”

ಗೊತ್ತಿತ್ತು ಅವನಿಗೆ. ಹೊಗೆ ಬರುತ್ತದಾ ಅಂತ ಅಪ್ಪನನ್ನು ಒಂದು ಮಾತು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಕೆಟ್ಟ ಕೈಯವನು ಅನ್ನುವಾಗ ಈ ಮಹಾನುಭಾವ ಬೀಡಿ ಸೇದುತ್ತ ನಕ್ಕಿದ್ದ. ತಾನು ತಪ್ಪು ಮಾಡಿದೆ ಅನ್ನುವ ಅನುಮಾನವೂ ಅವನ ದನಿಯಲ್ಲಿ ಇರಲಿಲ್ಲ. ನಾನು ಥ್ಯಾಂಕ್ಸ್ ಕೂಡ ಹೇಳದೆ ಬಂದೆ.

ಮುಂದಿನ ವಾರ ಶಾಲೆಗೆ ರಜೆ ಹಾಕಿ ಕುಣಿಗಲ್ಲಿನವರೆಗೂ ಹೋದೆ. ಸೀಟಿನ ಕೆಳಗೆ ಒಂದು ಗೋಣಿಚೀಲ ಇಟ್ಟುಕೊಂಡಿದ್ದೆ. ಬಿಸಿಲು ಚೆನ್ನಾಗಿ ಏರಿತ್ತು. ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಂತ ಕೂಡಲೇ ಭಾಮೈದ ಕೀ ಜೇಬಿಗೆ ಹಾಕಿಕೊಂಡು ಹೋಟೆಲ್ಲಿನ ಕಡೆ ಹೆಜ್ಜೆ ಹಾಕಿದ. ಅಪ್ಪ ಟ್ರೇ ಇಳಿಸಿ ಮುಗಿಸುತ್ತಲೇ ನಾನು ಹೋಟೆಲ್ಲಿನ ಒಳಗೇ ಹೋಗಿ ಅವನ ಟೇಬಲ್ಲಿನ ಮುಂದೆ ನಿಂತೆ. ದೋಸೆ ಇನ್ನೂ ಬಂದಿರಲಿಲ್ಲ.

“ಬನ್ನಿ, ಸ್ಟಾರ್ಟ್ ಮಾಡಿ,” ಅಂದೆ.

“ಇರಮ್ಮ, ತಿಂಡಿ ತಿಂದ್ಬಿಟ್ ಬತ್ತೀನಿ.”

“ಕೈಗುಣಕ್ಕೂ ತಿಂಡಿಗೂ ಏನು ಸಂಬಂಧ? ಕೈ ಜೊತೆಗೇ ಇದೆಯಲ್ಲ, ಬನ್ನಿ.”

ಹೋಟೆಲ್ಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಂದು ಹೆಂಗಸು ಎದುರು ನಿಂತು ಕೇಳುವಾಗ ಎದ್ದು ಬರದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಬಂದು ಕೂತ. ಕೀ ತಿರುಗಿಸಿದ. ಗರಗರ. ಮತ್ತೆ ತಿರುಗಿಸಿದ, ಮತ್ತೆ ಗರಗರ. ಹಣೆಯಲ್ಲಿ ಬೆವರು ಬಂತು. “ಬ್ಯಾಟ್ರಿ ಡೌನ್ ಆಗದೆ,” ಅಂದ. ಹೊಸ ಬ್ಯಾಟರಿ ಹಾಕಿಸಿದವರು ಅವನ ಭಾವನೇ ಅಂತ ನೆನಪು ಮಾಡಿದೆ.

ಹೋಟೆಲ್ಲಿನಿಂದ ಒಂದು ಕೊಡ ನೀರು ಇಸಿದುಕೊಂಡು ಬಂದೆ. ಬಾನೆಟ್ಟು ಎತ್ತಿಸಿ, ಪಂಪು ಯಾವುದು ಅಂತ ಅಪ್ಪನನ್ನು ಕೇಳಿ, ಮೇಸ್ತ್ರಿ ಹೇಳಿದ ಹಾಗೆ ಅದರ ಮೇಲೆ ಗೋಣಿ ಹೊದಿಸಿ ನಿಧಾನವಾಗಿ ನೀರು ಬಿಟ್ಟೆ. ಕೊಡ ಖಾಲಿಯಾಗುವವರೆಗೂ ಬಿಟ್ಟೆ. ಸುತ್ತ ಜನ ಸೇರಿದ್ದರು, ಸೇರಲಿ ಅಂತಲೇ ನಾನು ಬಂದಿದ್ದು. ಆಮೇಲೆ ಭಾಮೈದನನ್ನು ಸೀಟಿನಿಂದ ಇಳಿಸಿ ಅಪ್ಪನನ್ನು ಕರೆದೆ.

ಅಪ್ಪ ಬರಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. “ಬ್ಯಾಡ ಕಣವ್ವ. ಅವ್ರೇ ತಿರುಗ್ಸ್ಲಿ.”

“ನೀನೇ ತಿರುಗಿಸಬೇಕು.”

“ಯಜಮಾನ್ರು ಬ್ಯಾಡ ಅಂದವ್ರೆ.”

“ಯಜಮಾನರು ಇಲ್ಲಿಲ್ಲ. ನಾನಿದ್ದೀನಿ. ಬಾ.”

ಜನರ ಎದುರಿಗೆ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿದೆ. ಅವನ ಅಂಗೈ ಒದ್ದೆಯಾಗಿತ್ತು. ಕೀ ಹಿಡಿದು, ಕಣ್ಣು ಮುಚ್ಚಿಕೊಂಡು ತಿರುಗಿಸಿದ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಜನ ಹೋ ಅಂದರು. ಹೋಟೆಲ್ಲಿನವನು ಒಳಗಿನಿಂದಲೇ ಚಪ್ಪಾಳೆ ತಟ್ಟಿದ. ಭಾಮೈದ ಮಾತ್ರ, “ನಾನು ಆಗ್ಲೇ ಎರಡು ಸಲ ಹೊಡ್ದು ಲೂಸ್ ಮಾಡಿದ್ನಲ್ಲ, ಅದುಕ್ಕೇ ಆಯ್ತು,” ಅಂದ. ಒದ್ದೆ ಗೋಣಿಯನ್ನು ಅವನ ಕಾಲ ಹತ್ತಿರ ಹಿಂಡಿದೆ.

ಅಪ್ಪ ತುಮಕೂರಿನ ಕಡೆ ಗಾಡಿ ಬಿಟ್ಟ. ದಾರಿಯುದ್ದಕ್ಕೂ ಏನೋ ಯೋಚನೆ ಮಾಡುತ್ತಿದ್ದ. ಸತ್ಯ ಒಳಗೆ ಇಳಿಯುತ್ತಿದೆ, ಇಳಿಯಲಿ ಅಂದುಕೊಂಡೆ. ಅವತ್ತು ನನಗಾದ ಸಂತೋಷ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ. ದೂರದಲ್ಲಿ ದೇವರಾಯನದುರ್ಗದ ಬೆಟ್ಟ ಕಂಡಾಗ ಅಪ್ಪ ಸ್ಟಿಯರಿಂಗ್ ಬಿಡದೆ ಕಣ್ಣಲ್ಲೇ ಕೈ ಮುಗಿದ.

ಯಜಮಾನರ ಎದುರು ನಿಂತು ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಪಂಪು, ಸವೆತ, ತೆಳುವಾಗುವ ಡೀಸೆಲ್ಲು, ಒದ್ದೆ ಗೋಣಿ, ಮಸಾಲೆ ದೋಸೆ. ಗ್ಯಾರೇಜಿನ ಮೇಸ್ತ್ರಿಯನ್ನೂ ಕರೆಸಿದರು. ಅವನು ಹೂಂ ಪಂಪೇ ಅಂದ, ಏನೋ ಅವತ್ತೇ ಹೇಳಿದ್ದವನ ಹಾಗೆ. ಯಜಮಾನರು ಉಂಗುರ ತಿರುಗಿಸಿಕೊಂಡರು. ಆಮೇಲೆ ಅಂದರು:

“ಅದ್ಸರಿ ಕಣಮ್ಮ, ಪಂಪು ಸವ್ದದ್ದು ಯಾಕೆ? ಇಷ್ಟ್ ವರ್ಸ ದಿನಾ ಕೀ ತಿರುಗ್ಸಿದ್ದು ಯಾರು?”

ಕಲ್ಲಿಗೆ ತಲೆ ಚಚ್ಚಿಕೊಂಡರೆ ಕಲ್ಲಿನ ಗುಣವಾದರೂ ಗೊತ್ತಾಗುತ್ತದೆ, ಈ ಮನುಷ್ಯನ ಎದುರಿಗೆ ಅದೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಅಪ್ಪ ನೆಲ ನೋಡುತ್ತಿದ್ದ. ಯಜಮಾನರ ಮಾತಿಗೆ ಅಪ್ಪ ತಲೆದೂಗಿದ ಹಾಗೆ ಕಂಡಿತು. ಇಲ್ಲ, ನನ್ನ ಕಣ್ಣಿನ ಭ್ರಮೆ ಅಂದುಕೊಂಡೆ.

ಪಂಪನ್ನು ಬಿಚ್ಚಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸವೆದ ಭಾಗವನ್ನೆಲ್ಲ ಬದಲಾಯಿಸಿ ಹೊಸದರ ಹಾಗೆ ಮಾಡಿ ಕೊಟ್ಟರು. ಅದು ಬಂದು ಮೇಸ್ತ್ರಿ ಕೂರಿಸಿದ ಮಾರನೆಯ ದಿನ ಬೆಳಗ್ಗೆ ಅಂಗಳದಲ್ಲಿ ಪೂಜೆ. ಗಾಡಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಒಂದು ಬೂದುಗುಂಬಳಕಾಯಿ. ಭಾಮೈದ ಮೂಲೆಯಲ್ಲಿ ನಿಂತಿದ್ದ. ಕುಣಿಗಲ್ಲಿನಲ್ಲಿ ಅವನ ಮರ್ಯಾದೆ ಹೋಗಿತ್ತು, ಜೊತೆಗೆ ಮಾಲು ಇಳಿದ ಕೂಡಲೇ ಗಾಡಿ ಹೊರಟರೆ ದೋಸೆಗೂ ಹೊತ್ತಿಲ್ಲ. ಅವನಿಗೆ ಆ ಕೆಲಸದ ಆಸೆಯೇ ಬಿಟ್ಟುಹೋಗಿತ್ತು. ಮಾಲು ತುಂಬಿಯಾಗಿತ್ತು, ಕುಣಿಗಲ್ಲಿನವರು ಕಾಯುತ್ತಿದ್ದರು, ಯಜಮಾನರಿಗೆ ಡ್ರೈವರ್ ಬೇಕಿತ್ತು. ಕೀಯನ್ನು ಮಂಗಳಾರತಿ ತಟ್ಟೆಯಿಂದ ತೆಗೆದು ಅಪ್ಪನ ಮುಂದೆ ಹಿಡಿದರು.

“ತಗಳ್ಳಾ. ಪಂಪು ಹೊಸ್ದಾಗದೆ. ಇನ್ಮೇಲೆ ನೀನೇ ತಿರುಗ್ಸು.”

ಅವರ ಬಾಯಿಂದ ಇದಕ್ಕಿಂತ ಹೆಚ್ಚಿನದು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಸಾಕು, ಇಷ್ಟಾದರೂ ಬಂತಲ್ಲ ಅಂತ ಅಪ್ಪನ ಮುಖ ನೋಡಿದೆ.

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. “ಬ್ಯಾಡಿ ಬುದ್ಧಿ. ಹೊಸಾ ಪಂಪು. ನನ್ ಕೈಲಿ ಇದೂ ಕೆಡಾದ್ ಬ್ಯಾಡ.”

“ಕೀ ತಿರುಗ್ಸ್ದೆ ಗಾಡಿ ಎಂಗ್ಲಾ ಓಡಿಸ್ತೀಯ?”

“ಯಾರಾದ್ರು ತಿರುಗ್ಸಿ ಕೊಡ್ಲಿ ಬುದ್ಧಿ, ನಾನ್ ಓಡಿಸ್ತೀನಿ.”

“ದಿನಾ ಬೆಳಗಾದ್ರೆ ನಿಂಗೊಬ್ಬ ಆಳು ಇಡ್ಲಾ ನಾನು? ಆಗಲ್ಲ ಅಂದ್ರೆ ನಡಿ ಮನೆಗೆ, ಬೇರೆಯವ್ರ್ನ ನೋಡ್ತೀನಿ.”

ಅಪ್ಪ ಕದಲಲಿಲ್ಲ. ಮನೆಗೆ ಹೋಗಲೂ ಸಿದ್ಧವಾಗಿದ್ದ, ಕೀ ಮುಟ್ಟಲು ಮಾತ್ರ ಅಲ್ಲ. ಅಲ್ಲಿಯವರೆಗೆ ಯಜಮಾನರು, ಭಾಮೈದ, ಮೇಸ್ತ್ರಿ, ಅಮ್ಮ, ಇವರೆಲ್ಲರ ಮೇಲೆ ನನಗಿದ್ದ ತಾತ್ಸಾರದಿಂದ ಹೊರಗೆ ಇದ್ದವನು ಅಪ್ಪ ಒಬ್ಬನೇ. ಆ ಗಳಿಗೆಯಲ್ಲಿ ಅವನ ಮೇಲೂ ಅದೇ ತಾತ್ಸಾರ ಹುಟ್ಟಿತು. ಅವನ ಕೈಯಲ್ಲೇ, ಅವನ ಕಣ್ಣೆದುರಿಗೇ ಸ್ಟಾರ್ಟ್ ಮಾಡಿಸಿ ತೋರಿಸಿದ್ದೆನಲ್ಲ. ಇನ್ನೇನು ಮಾಡಬೇಕಿತ್ತು ನಾನು? ಯಜಮಾನರ ಕೈಯಿಂದ ಕೀ ಕಿತ್ತುಕೊಂಡು, ಬ್ಯಾಗನ್ನು ಸೀಟಿನ ಮೇಲೆ ಎಸೆದು, ಒಳಗೆ ಕೂತು ತಿರುಗಿಸಿದೆ. ಯಾರು ತಿರುಗಿಸಿದರೂ ಆಗುತ್ತದೆ, ನೋಡಿ, ಗಾಡಿಯ ಬಗ್ಗೆ ಏನೂ ಗೊತ್ತಿಲ್ಲದ ನನಗೂ ಆಗುತ್ತದೆ, ಅಂತ ತೋರಿಸುವುದು ನನ್ನ ಉದ್ದೇಶ. ಗಾಡಿ ಸ್ಟಾರ್ಟ್ ಆಯಿತು.

ಅಪ್ಪನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಹಲ್ಲು ಬಿಟ್ಟು ನಕ್ಕ. ಯಜಮಾನರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನೋಡುದ್ರಾ ಬುದ್ಧಿ? ಕುಣಿಗಲ್ನಾಗೂ ನೀರು ಹಾಕಿದ್ದು ಅವ್ಳೇಯ. ನನ್ ಮಗಳ ಕೈಗುಣ ಬೋ ಒಳ್ಳೇದು.”

ಯಜಮಾನರು ಹೌದು ಹೌದು ಅಂದರು. ಮೇಸ್ತ್ರಿಯೂ ಹೌದು ಅಂದ. ಅಪ್ಪ ಹುಮ್ಮಸ್ಸಿನಿಂದ ಬಂದು, ನಾನು ಸರಿದ ಜಾಗದಲ್ಲಿ ಕೂತು ಗೇರು ಹಾಕಿದ. ಈ ಸಲ ಕೈ ಒರೆಸಿಕೊಳ್ಳಲಿಲ್ಲ. ನಾನು ಬಾಯಿ ತೆಗೆದು ಅಲ್ಲಪ್ಪ ಅಂದಿದ್ದರೆ ಅವನು ಇಳಿದು ಮನೆಗೆ ನಡೆದುಬಿಡುತ್ತಿದ್ದ. ಅನ್ನಲಿಲ್ಲ.

ನನಗೆ ಬೇರೆ ಊರಿಗೆ ವರ್ಗವಾಗುವವರೆಗೂ ದಿನಾ ಬೆಳಗ್ಗೆ ಆ ಗಾಡಿಯ ಕೀ ತಿರುಗಿಸಿದವಳು ನಾನೇ. ಗುಬ್ಬಿಯಲ್ಲಿ ಟ್ರೇ ಇಳಿದ ಮೇಲೆ ಇನ್ನೊಂದು ಸಲ ತಿರುಗಿಸಿಕೊಟ್ಟು ಶಾಲೆಗೆ ಹೋಗುತ್ತಿದ್ದೆ. ಅಲ್ಲಿಂದ ಮುಂದೆ ಅಪ್ಪ ಒಬ್ಬನೇ. ಸಿ.ಎಸ್. ಪುರದಲ್ಲಿ, ಕುಣಿಗಲ್ಲಿನಲ್ಲಿ, ಎಷ್ಟು ಹೊತ್ತು ನಿಂತರೂ ಅವನು ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಎಷ್ಟು ಬಿಸಿಯಾದರೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ, ತುಮಕೂರು ಮುಟ್ಟುವ ತನಕ ಸುಮ್ಮನೆ ಗುಡುಗುಟ್ಟುತ್ತ ನಿಂತಿರುತ್ತಿತ್ತು.